ಇಪ್ಪತ್ತೆಂಟರ ಹಕ್ಕು

ಶಿಕಾರಿಪುರ
9 ಜೂನ್ 2024

ಚಿ. ಸೌ. ಧನ್ಯಾಳಿಗೆ ನೀಲಾಂಬಿಕ ಮಾಡುವ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ನೀನು, ನಿನ್ನ ಯಜಮಾನರು, ನಿನ್ನ ಅತ್ತೆ ವರದಮ್ಮನವರು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನನ್ನು ಸೊರಬಕ್ಕೆ ಮದುವೆ ಮಾಡಿ ಕಳಿಸಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಫೋನು ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಹಿಂದೆ ಮಾಡಿದಾಗ ನೀನು "ಹಲೋ" ಅಂದೆ, ನಾನು "ಊಟ ಆಯ್ತೇನವಾ" ಅಂದೆ, ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ಕಾಗದವಾದರೆ ನಡುವೆ ಎದ್ದು ಒಲೆ ನೋಡಿ ಬಂದು ಮತ್ತೆ ಕೂರಬಹುದು.

ವಿಷಯ ಇಷ್ಟೆ. ನಮ್ಮ ಸಿದ್ಧಲಿಂಗೇಶ ತೀರಿಹೋಗಿ ಎರಡು ವರ್ಷ ಕಳೆದರೂ ಅವನ ಕಪಾಟಿಗೆ ನಾನು ಕೈ ಹಾಕಿರಲಿಲ್ಲ. ಹೋದ ವಾರ ಗೆದ್ದಲು ಕಾಣಿಸಿತು, ವಿಧಿಯಿಲ್ಲದೆ ತೆಗೆದೆ. ಅಂಗಿಗಳ ಕೆಳಗೆ ಒಂದು ಇಸ್ಪೀಟು ಕಟ್ಟು ಇತ್ತು. ಬಿಡಿಸಿ ನೋಡಿದರೆ ಅದರಲ್ಲಿ ರಾಜ ಇಲ್ಲ, ರಾಣಿ ಇಲ್ಲ, ಗುಲಾಮನೂ ಇಲ್ಲ. ಕಳೆದುಹೋದವೋ, ಬೇಕೆಂದೇ ತೆಗೆದದ್ದೋ?

ನೀನು ಈ ಮನೆಯ ಸೊಸೆಯಾಗಿದ್ದಾಗ ಸಂಜೆ ಹೊತ್ತು ಕೋಣೆಯಲ್ಲಿ ನೀವಿಬ್ಬರೂ ಆಡುತ್ತಿದ್ದದ್ದು ಇದನ್ನೇ ಇರಬೇಕು. ನಮ್ಮ ಖಾನಾವಳಿಯ ಒಲೆಯ ಮುಂದೆ ನಿಂತರೂ ನಿಮ್ಮ ನಗು ಕೇಳುತ್ತಿತ್ತು. "ಲಿಂಗಪೂಜೆ ಮಾಡೋ ಮನ್ಯಾಗ ಇಸ್ಪೀಟೇನೋ" ಎಂದು ಒಂದು ದಿನ ಬೈದಿದ್ದೆ. "ಅವ್ವಾ, ಇದು ಜೂಜಲ್ಲ, ಪಾಠ" ಅಂದ. ಏನು ಪಾಠ ಎಂದು ಆಗ ಕೇಳಲಿಲ್ಲ. ಈಗ ಕೇಳಬೇಕೆನಿಸಿದೆ, ಕೇಳಲು ಅವನಿಲ್ಲ. ನಿನಗೆ ತೊಂದರೆ ಇಲ್ಲದಿದ್ದರೆ ಅದನ್ನು ಹೇಗೆ ಆಡುವುದು ಎಂದು ನನಗೆ ಬರೆದು ಕಳಿಸು.

ಮನೆಯ ವಿಳಾಸಕ್ಕೆ ಹಾಕಲು ಸಂಕೋಚವಾಗಿ, ನೀನು ಟ್ಯಾಲಿ ಕಲಿಸುವ ಕಂಪ್ಯೂಟರ್ ಸೆಂಟರಿಗೆ ಹಾಕಿದ್ದೇನೆ.

ಇಂತಿ,
ನೀಲಾಂಬಿಕ


ಸೊರಬ
20 ಜೂನ್ 2024

ಪೂಜ್ಯ ಅತ್ತೆಯವರಿಗೆ ಧನ್ಯಾಳ ಶರಣು.

"ಅತ್ತೆ" ಎಂದು ಬರೆದು ಪೆನ್ನು ಕೆಳಗಿಟ್ಟೆ. ಈಗ ಆ ಹೆಸರಿಗೆ ಇಲ್ಲಿ ಬೇರೆಯವರಿದ್ದಾರೆ. ಆದರೆ ನಿಮ್ಮನ್ನು ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ. ನಾವೆಲ್ಲರೂ ಕ್ಷೇಮ. ಕಾಗದವನ್ನು ಸೆಂಟರಿಗೇ ಹಾಕಿ, ಅದೇ ಒಳ್ಳೆಯದು.

ರಾಜ ರಾಣಿಯರು ಕಳೆದಿಲ್ಲ, ಅವರೇ ತೆಗೆದಿಟ್ಟಿದ್ದರು. ಸೊಸೈಟಿ ಕೆಲಸದಿಂದ ಬಂದು ಷೇರು ಮಾರುಕಟ್ಟೆಯ ಪರೀಕ್ಷೆಗೆ ಓದುತ್ತಿದ್ದರಲ್ಲ, ಅದರಲ್ಲಿ ಆಪ್ಷನ್ಸ್ ಎಂಬುದೊಂದು ಭಾಗ. ಅವರು ಅದನ್ನು "ಹಕ್ಕು" ಎನ್ನುತ್ತಿದ್ದರು. ಪುಸ್ತಕ ಹಿಡಿದು ಹೇಳಿಕೊಟ್ಟರೆ ನನಗೆ ತೂಕಡಿಕೆ ಬರುತ್ತಿತ್ತು. ಅದಕ್ಕೇ ಈ ಆಟ ಕಟ್ಟಿದರು. ಪೋಕರ್ ಎಂಬ ಇಸ್ಪೀಟಾಟದಿಂದ ಅರ್ಧ, ತಮ್ಮ ತಲೆಯಿಂದ ಅರ್ಧ.

ಒಂದರಿಂದ ಹತ್ತರವರೆಗಿನ ಎಲೆಗಳು ಮಾತ್ರ. ನಿಮ್ಮ ಕೈಯಲ್ಲಿ ಒಂದು ಎಲೆ, ನನಗೆ ತೋರಿಸಬಾರದು. ನನ್ನ ಕೈಯಲ್ಲಿ ಒಂದು, ನಿಮಗೆ ತೋರಿಸುವುದಿಲ್ಲ. ಇನ್ನು ಮೂರು ಎಲೆ ನೆಲದ ಮೇಲೆ ಬೋರಲು. ಅವನ್ನು ಒಂದೊಂದಾಗಿ ತೆರೆಯಬೇಕು. ಕೊನೆಗೆ ಐದೂ ಎಲೆ ಕೂಡಿದಾಗ ಬರುವ ಮೊತ್ತವೇ ಷೇರಿನ ಬೆಲೆ.

ಈಗ ನಾನು ನಿಮಗೆ ಇಪ್ಪತ್ತೆಂಟರ ಹಕ್ಕು ಮಾರುತ್ತೇನೆ ಅಂದುಕೊಳ್ಳಿ. ಅಂದರೆ ಕೊನೆಗೆ ಬೆಲೆ ಎಷ್ಟೇ ಆದರೂ ನೀವು ಇಪ್ಪತ್ತೆಂಟಕ್ಕೆ ಕೊಳ್ಳಬಹುದು. ಮೂವತ್ತೆರಡಾದರೆ ನಾಲ್ಕು ಹುಣಸೆ ಬೀಜ ನಾನು ನಿಮಗೆ ಕೊಡಬೇಕು. ಇಪ್ಪತ್ತೆಂಟಕ್ಕಿಂತ ಕೆಳಗಾದರೆ ಕೊಳ್ಳಲೇಬೇಕು ಎಂಬ ಬಲವಂತ ನಿಮಗಿಲ್ಲ, ಸುಮ್ಮನಿದ್ದುಬಿಡಬಹುದು. ಈ ಹಕ್ಕಿಗಾಗಿ ಮೊದಲೇ ಒಂದಿಷ್ಟು ಬೀಜ ನನಗೆ ಕೊಡಬೇಕು. ಅದು ವಾಪಸು ಬರುವುದಿಲ್ಲ.

ನಾನೂ ಇಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟು ಕೊಂಡು ರಾಜ ರಾಣಿಯರನ್ನು ತೆಗೆದಿಟ್ಟೆ. ನನ್ನ ಎಲೆ ತೆಗೆದುಕೊಂಡಾಗಿದೆ. ನೀವೂ ಒಂದು ತೆಗೆದುಕೊಳ್ಳಿ, ಮೂರನ್ನು ನಿಮ್ಮಲ್ಲೇ ಬೋರಲು ಇಡಿ. ಹಕ್ಕಿಗೆ ನನ್ನ ಬೆಲೆ ಮೂರು ಬೀಜ. ಬೇಕೋ ಬೇಡವೋ ಬರೆಯಿರಿ.

ಧನ್ಯಾ


ಶಿಕಾರಿಪುರ
27 ಜೂನ್ 2024

ಧನ್ಯಾಳಿಗೆ ಆಶೀರ್ವಾದಗಳು.

ಕಾಗದವನ್ನು ಬೆಳಿಗ್ಗೆ ಓದಿದೆ, ಮಧ್ಯಾಹ್ನದ ಊಟದವರೆಲ್ಲ ಹೋದ ಮೇಲೆ ಇನ್ನೊಮ್ಮೆ ಓದಿದೆ. ಆಮೇಲೆ ಹೊಳೆಯಿತು. ಇದು ಸಂಚಕಾರ ಅಲ್ಲವೇ? ಗದ್ದೆ ಕೊಳ್ಳುವವರು ಸಂಚಕಾರ ಕೊಟ್ಟು ಇಟ್ಟುಕೊಳ್ಳುತ್ತಾರೆ. ಕೊಂಡರೆ ಕೊಂಡರು, ಬಿಟ್ಟರೆ ಕೊಟ್ಟದ್ದು ಹೋಯಿತು.

ಖಾನಾವಳಿಗೆ ಬರುವ ಹುಡುಗರು ಫೋನು ನೋಡುತ್ತಲೇ ತಿನ್ನುತ್ತಾರೆ. ನಿನ್ನೆ ಒಬ್ಬ "ಬೆಳಿಗ್ಗೆ ಕಾಲ್ ತಗೊಂಡೆ, ಮಧ್ಯಾಹ್ನ ಬಿಟ್ಟೆ" ಅಂದ. "ಯಾರ ಕಾಲ್‌ರೀ, ಮನೆಯಿಂದೇನು?" ಎಂದು ಕೇಳಿದೆ. ಎಲ್ಲರೂ ನಕ್ಕರು. ರೊಟ್ಟಿ ಬಡಿಯುತ್ತಿದ್ದ ಹನುಮಮ್ಮನೂ ನಕ್ಕಳು, ಅವಳಿಗೂ ಏನೂ ಗೊತ್ತಿಲ್ಲ. ಕೊಳ್ಳುವ ಹಕ್ಕಿಗೆ ಕಾಲ್ ಎನ್ನುತ್ತಾರಂತೆ. ನಿನ್ನ ಆಟಕ್ಕೆ ಇಷ್ಟೊಂದು ಜನ ಇದ್ದಾರೆಂದು ನನಗೆ ತಿಳಿದಿರಲಿಲ್ಲ.

ಮೂರು ಬೀಜಕ್ಕೆ ಒಪ್ಪಿದೆ. ಮೂರು ಎಲೆಗಳನ್ನು ಉಪ್ಪಿನಕಾಯಿ ಜಾಡಿಯ ಅಡಿ ಇಟ್ಟಿದ್ದೇನೆ. ಮೊದಲನೆಯದು ತೆರೆದೆ, ಎಂಟು.

ಮಳೆ ಹಿಡಿದಿದೆ. ನೆನೆಯಬೇಡ, ನಿನಗೆ ಬೇಗ ಕೆಮ್ಮು ಕಟ್ಟುತ್ತದೆ.

ನೀಲಾಂಬಿಕ


ಸೊರಬ
8 ಜುಲೈ 2024

ಪೂಜ್ಯ ಅತ್ತೆಯವರಿಗೆ ಶರಣು.

ಸಂಚಕಾರ ಎಂದದ್ದು ಬಹುಪಾಲು ಸರಿ. ಒಂದು ವ್ಯತ್ಯಾಸವಿದೆ. ಸಂಚಕಾರ ಕೊಟ್ಟವರು ಗಡುವು ಬರುವವರೆಗೆ ಕಾಯಬೇಕು. ಇಲ್ಲಿ ಹಕ್ಕನ್ನೇ ನಡುವೆ ಮಾರಿಬಿಡಬಹುದು. ಪ್ರತಿ ಎಲೆ ತೆರೆದಾಗಲೂ ಅದರ ಬೆಲೆ ಬದಲಾಗುತ್ತದೆ.

ಅದು ಹೇಗೆಂದರೆ, ಇನ್ನೂ ತೆರೆಯದ ಎಲೆಗಳಿಗೇ ನಾವು ಬೆಲೆ ಕೊಡುತ್ತಿರುವುದು. ಎಲೆ ತೆರೆಯುತ್ತಾ ಹೋದಂತೆ ಆಸೆಪಡಲು ಉಳಿಯುವುದು ಕಡಿಮೆ. ಬೆಲೆ ಮೇಲೆ ಏರದಿದ್ದರೆ ಹಕ್ಕು ಹಾಗೇ ಕರಗುತ್ತದೆ, ಯಾರೂ ಮುಟ್ಟದಿದ್ದರೂ. ಇದು ನನಗೆ ತಿಳಿಯಲು ವಾರವೇ ಬೇಕಾಯಿತು. "ಕೈಯಾಗ ಐಸ್ ಕ್ಯಾಂಡಿ ಹಿಡ್ಕೊಂಡು ಮಾತಾಡ್ತಾ ನಿಂತಂಗೆ" ಎಂದು ಅವರು ಹೇಳಿದ ಮೇಲೆ ತಿಳಿಯಿತು.

ಇನ್ನೊಂದು. ನೀವು ಕೇಳುವ ಬೆಲೆಯೇ ನಿಮ್ಮ ಕೈಯಲ್ಲಿರುವ ಎಲೆಯನ್ನು ಹೇಳಿಬಿಡುತ್ತದೆ. ನೀವು ಮೂರು ಬೀಜಕ್ಕೆ ಚೌಕಾಸಿಯೇ ಮಾಡದೆ ಒಪ್ಪಿದಿರಿ. ಬದನೆಕಾಯಿಗೂ ಚೌಕಾಸಿ ಮಾಡುವ ನೀವು. ಆದ್ದರಿಂದ ನಿಮ್ಮ ಹತ್ತಿರ ದೊಡ್ಡ ಎಲೆ ಇದೆ ಎಂದು ನನಗೆ ಅನುಮಾನ. ಹಕ್ಕನ್ನು ನನಗೇ ವಾಪಸು ಕೊಟ್ಟರೆ ಐದು ಬೀಜ ಕೊಡುತ್ತೇನೆ. ಕೊಡುತ್ತೀರೋ, ಇಟ್ಟುಕೊಳ್ಳುತ್ತೀರೋ, ಯೋಚಿಸಿ.

ಕೆಮ್ಮು ಇಲ್ಲ. ಇವರು ಪಂಪ್‌ಸೆಟ್ ರಿಪೇರಿ ಮುಗಿಸಿ ಬರುವಾಗ ಸೆಂಟರಿನ ಬಾಗಿಲಿಗೇ ಬಂದು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾರೆ.

ಧನ್ಯಾ


ಶಿಕಾರಿಪುರ
15 ಜುಲೈ 2024

ಧನ್ಯಾಳಿಗೆ ಆಶೀರ್ವಾದಗಳು.

ಹಕ್ಕು ನಿನಗೇ ಕೊಟ್ಟೆ. ಐದು ಬೀಜಕ್ಕೆ. ಕರಗುವ ಮೊದಲು ಕೊಟ್ಟುಬಿಡುವುದು ಮೇಲು ಅನಿಸಿತು. ಆಟ ಮುಗಿದಿದ್ದರಿಂದ ಹೇಳುತ್ತೇನೆ, ನನ್ನ ಕೈಯಲ್ಲಿದ್ದದ್ದು ಒಂಬತ್ತು. ಉಳಿದ ಎರಡನ್ನೂ ತೆರೆದು ನೋಡಿದೆ. ಹತ್ತು ಮತ್ತು ಆರು. ನಿನ್ನದು ಏನಿತ್ತು?

ಈಗ ನಾನು ಕೇಳಬೇಕೆಂದಿದ್ದ ಮಾತು. ಆಟ ಕಲಿಯುವ ಆಸೆ ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ಸಿದ್ಧು ಹೋದ ಮೇಲೆ ಊರಲ್ಲಿ ಒಂದು ಮಾತು ಹಬ್ಬಿತ್ತು. ಷೇರಿನಲ್ಲಿ ಕಳೆದುಕೊಂಡು ತಲೆ ಕೆಟ್ಟಿತ್ತಂತೆ, ಬೈಕು ಓಡಿಸುವಾಗ ಗಮನ ಇರಲಿಲ್ಲವಂತೆ, ಹಾಗಾಗಿಯೇ ಶಿರಾಳಕೊಪ್ಪದ ರಸ್ತೆಯಲ್ಲಿ ಎದುರಿಗೆ ಬಂದ ಲಾರಿ ಕಾಣಲಿಲ್ಲವಂತೆ. ನಿನ್ನ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ. ನನ್ನ ಕಿವಿಗೆ ಬಿದ್ದದ್ದು ಒಳಗೇ ಕೂತಿದೆ. ಈ ಹುಡುಗರು ಫೋನು ನೋಡಿ ಒಂದು ಘಳಿಗೆ ನಗುತ್ತಾರೆ, ಇನ್ನೊಂದು ಘಳಿಗೆ ತಟ್ಟೆಯಲ್ಲೇ ಅನ್ನ ಬಿಟ್ಟು ಏಳುತ್ತಾರೆ. ನೋಡಿದಾಗೆಲ್ಲ ಅವನೂ ಹೀಗೇ ಇದ್ದನೇ ಎನಿಸುತ್ತದೆ.

ನೀನು ಅವನ ಜೊತೆ ಇದ್ದವಳು. ನನ್ನ ಮಗ ಜೂಜು ಆಡುತ್ತಿದ್ದನೇ? ನನ್ನ ಸಮಾಧಾನಕ್ಕೆ ಬರೆಯಬೇಡ.

ನೀಲಾಂಬಿಕ


ಸೊರಬ
2 ಆಗಸ್ಟ್ 2024

ಪೂಜ್ಯ ಅತ್ತೆಯವರಿಗೆ,

ಇಲ್ಲ. ಅವರು ಜೂಜುಕೋರರಲ್ಲ.

ನಿಜವಾದ ದುಡ್ಡು ಹಾಕಿದ್ದು ಒಂದೇ ಸಲ. ನನ್ನೆದುರೇ ಹಾಕಿದರು. ಒಂದು ಸೀರೆಗಾಗುವಷ್ಟು. ವಾರದಲ್ಲಿ ಅದು ಕರಗಿ ಹೋಯಿತು. ಆ ಸಂಜೆ ಬೇಕರಿಯಿಂದ ಮೈಸೂರು ಪಾಕು ತಂದು ನಿಮ್ಮ ಕೈಗೆ ಕೊಟ್ಟರು, ನೆನಪಿದೆಯೇ? "ಏನೋ ವಿಶೇಷ?" ಎಂದು ನೀವು ಕೇಳಿದಿರಿ. "ಪಾಠಕ್ಕೆ ಫೀಸು ಕಟ್ಟಿದೆ ಅವ್ವಾ" ಅಂದರು. ಫೀಸು ಎಂದರೆ ಅದೇ. ನಿಮಗೆ ಅರ್ಥವಾಗಲಿಲ್ಲ, ಇನ್ನೊಂದು ತುಂಡು ತಿಂದಿರಿ. ನಾವು ಕೋಣೆಗೆ ಬಂದು ನಕ್ಕಿದ್ದು ಅದಕ್ಕೇ.

ಹಕ್ಕು ಕೊಳ್ಳುವವರು ಕೊಟ್ಟಷ್ಟನ್ನೇ ಕಳೆದುಕೊಳ್ಳುತ್ತಾರೆ. ಮಾರುವವರಿಗೆ ಹಾಗಲ್ಲ, ಸಿಗುವುದು ನಾಲ್ಕು ಬೀಜ, ತೆರಬೇಕಾಗಿ ಬರುವುದು ಎಷ್ಟೋ. ಹುಡುಗರು ಮುಳುಗುವುದು ಹೆಚ್ಚಾಗಿ ಅಲ್ಲಿ, ಇಲ್ಲವೇ ದಿನಾ ಕೊಂಡು ದಿನಾ ಕಳೆದುಕೊಂಡು. ಅವರು ಎರಡನ್ನೂ ಮಾಡಲಿಲ್ಲ. ಪರೀಕ್ಷೆ ಪಾಸಾದರೆ ಭಾನುವಾರ ಈ ಹುಡುಗರನ್ನು ಕೂರಿಸಿಕೊಂಡು, ಫೋನು ಬದಿಗಿಡಿಸಿ, ಹುಣಸೆ ಬೀಜದಲ್ಲಿ ಆಡಿಸಬೇಕು ಎಂಬ ಆಸೆ ಇತ್ತು. ಅಂದು ಬೈಕಿನಲ್ಲಿ ಹೊರಟಾಗ ಅವರ ತಲೆಯಲ್ಲಿ ಯಾವ ಷೇರೂ ಇರಲಿಲ್ಲ. ಹೊಸಬಾಳೆಯ ತವರಿನಲ್ಲಿದ್ದ ನನಗೆ ಫೋನು ಮಾಡಿ "ಹಲಸಿನ ಹಪ್ಪಳ ಕಟ್ಟಿಡು" ಅಂದಿದ್ದರು. ಅಷ್ಟೇ.

ನನ್ನ ಎಲೆ ಎರಡು. ಒಟ್ಟು ಮೂವತ್ತೈದು. ನೀವು ಇಟ್ಟುಕೊಂಡಿದ್ದರೆ ಏಳು ಬೀಜ ನಿಮ್ಮದಾಗುತ್ತಿತ್ತು.

ಕೈಯಲ್ಲಿ ಒಂಬತ್ತಿತ್ತು. ನೆಲದಲ್ಲಿ ಎಂಟು ಬಿದ್ದಿತ್ತು. ಇನ್ನೂ ಎರಡು ಎಲೆ ತೆರೆಯುವುದಿತ್ತು. ಅಷ್ಟು ಬೇಗ ಯಾಕೆ ಕೊಟ್ಟುಬಿಟ್ಟಿರಿ? ಈ ಪ್ರಶ್ನೆ ಬರೆದು ಹೊಡೆದು ಹಾಕಿದ್ದೆ, ಮತ್ತೆ ಬರೆಯುತ್ತಿದ್ದೇನೆ. ನನ್ನನ್ನೂ ಹಾಗೇ ಕೊಟ್ಟುಬಿಟ್ಟಿರಲ್ಲ. ಅವರ ವರ್ಷದ ಪೂಜೆ ಮುಗಿದು ನಾಲ್ಕು ತಿಂಗಳಿಗೇ ಸೊರಬದ ಮಾತು ತಂದಿರಿ. ನನ್ನನ್ನು ಕರೆತರಲು ಬರುತ್ತಿದ್ದಾಗಲೇ ಅವರು ಹೋದದ್ದು. ನನ್ನ ಮುಖ ನೋಡಿದಾಗೆಲ್ಲ ನಿಮಗೆ ಅದು ನೆನಪಾಗುತ್ತಿತ್ತು, ಅದಕ್ಕೇ ಕಳಿಸಿದಿರಿ ಎಂದು ನಾನು ತಿಳಿದುಕೊಂಡಿದ್ದೇನೆ. ಇವರು ಒಳ್ಳೆಯವರು. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆದರೂ ಕೇಳುತ್ತಿದ್ದೇನೆ.

ಧನ್ಯಾ


ಶಿಕಾರಿಪುರ
28 ಆಗಸ್ಟ್ 2024

ಧನ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮಗನ ವಿಷಯ ಬರೆದದ್ದಕ್ಕೆ ನಿನಗೆ ಒಳ್ಳೆಯದಾಗಲಿ.

ಉಳಿದದ್ದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಶ್ರಾವಣ ಇರುವುದರಿಂದ ಊಟದವರು ಹೆಚ್ಚು, ಹನುಮಮ್ಮನಿಗೆ ಕೈ ಸುಟ್ಟಿದೆ. ನೀನು ಹೊಸ ಮನೆಯಲ್ಲಿ ಬಾಳುತ್ತಿರುವವಳು. ನಾನು ಕಾಗದ ಬರೆದು ಹಳೆಯದನ್ನೆಲ್ಲ ಕೆದಕಿದ್ದು ತಪ್ಪು. ನಿನ್ನ ಯಜಮಾನರಿಗೂ ಇದು ಹಿಡಿಸಲಿಕ್ಕಿಲ್ಲ. ಆಟ ಇಲ್ಲಿಗೆ ಸಾಕು.

ನೀಲಾಂಬಿಕ


ಸೊರಬ
15 ಸೆಪ್ಟೆಂಬರ್ 2024

ಶ್ರೀಮತಿ ನೀಲಾಂಬಿಕ ಅವರಿಗೆ ಶರಣು.

ನಾನು ಹಾಗೆ ಬರೆಯಬಾರದಿತ್ತು. ಕ್ಷಮಿಸಿ.

ನಿಮ್ಮ ಕಾಗದಗಳಿಂದ ಇಲ್ಲಿ ಯಾರಿಗೂ ತೊಂದರೆಯಾಗಿಲ್ಲ, ಯಾರೂ ಏನೂ ಅಂದಿಲ್ಲ. ಸಾಕು ಎಂದು ನಿಮಗೇ ಅನಿಸಿದ್ದರೆ ಸಾಕು. ಮೂರು ಕೊಟ್ಟು ಐದಕ್ಕೆ ಮಾರಿದಿರಿ. ನಿಮ್ಮ ಲಾಭದ ಎರಡು ಬೀಜ ಲಕೋಟೆಯಲ್ಲಿಟ್ಟಿದ್ದೇನೆ.

ಧನ್ಯಾ ರಾಜಕುಮಾರ್


ಶಿಕಾರಿಪುರ
17 ನವೆಂಬರ್ 2024

ಧನ್ಯಾ,

ನೀನು ಕಳಿಸಿದ ಆ ಎರಡು ಬೀಜ ಹೇಗಿತ್ತು ಗೊತ್ತೇ? ಬಾಡಿಗೆ ಮನೆ ಬಿಡುವವರು ಚುಕ್ತಾ ಮಾಡಿ ಬೀಗದ ಕೈ ಕೊಟ್ಟಂತೆ. ಅಂದಿನಿಂದ ಬರೆಯಬೇಕೆಂದು ಇದ್ದೇನೆ. ದೀಪಾವಳಿ ಕಳೆಯಲಿ ಎಂದೆ, ಕಳೆಯಿತು. ಇವತ್ತು ಖಾನಾವಳಿಗೆ ರಜೆ ಹಾಕಿ ಕೂತಿದ್ದೇನೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ನಿನ್ನನ್ನು ಕರೆತರಲು ಹೊರಟವನು ತೀರಿಹೋದ ಎಂದು ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಹೆಂಡತಿಯನ್ನು ಕರೆತರಲು ಗಂಡ ಹೋಗದೆ ಇನ್ಯಾರು ಹೋಗಬೇಕು? ಅಂದು ಬೆಳಿಗ್ಗೆ "ಹೋಗಿ ಕರ್ಕೊಂಡು ಬಾ, ಮನಿ ಬಿಕೋ ಅಂತೈತೆ" ಎಂದವಳು ನಾನೇ. ಅದಕ್ಕೆ ನನ್ನ ಮೇಲೂ ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ ಈಗ. ಮೊದಲು ಮಾಡಿಕೊಳ್ಳುತ್ತಿದ್ದೆ.

ನಿನ್ನ ಮಾವನವರು ಹೋದಾಗ ಸಿದ್ಧು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಬಂದವರೆಲ್ಲ "ಮಗ ಅದಾನಲ್ಲ" ಎಂದು ಹೇಳಿ ಎದ್ದು ಹೋದರು. "ನಿನಗೇನು ಬೇಕು" ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ರೊಟ್ಟಿ ಬಡಿದೆ. ಕಷ್ಟವಾಯಿತು ಎಂದು ಹೇಳುತ್ತಿಲ್ಲ, ನಡೆಯಿತು. ಆದರೆ ಆ ದಾರಿ ಎಷ್ಟು ಉದ್ದ ಎಂಬುದು ನಡೆದವಳಿಗೆ ಗೊತ್ತು. ನಿನಗೆ "ಮಗ ಅದಾನಲ್ಲ" ಎನ್ನಲು ಮಗುವೂ ಇರಲಿಲ್ಲ.

ಅವನು ಹೋದ ಮೇಲೆ ನೀನು ನನ್ನ ಪಕ್ಕ ಕೂತು ಹಿಟ್ಟು ನಾದುತ್ತಿದ್ದೆ. ಒಂದು ಮಧ್ಯಾಹ್ನ ಊಟದ ತಟ್ಟೆಗಳನ್ನು ಒರೆಸುತ್ತಿದ್ದಾಗ ಒಂದರಲ್ಲಿ ನಿನ್ನ ಮುಖ ನಿನಗೇ ಕಂಡಿತು. ನೀನು ಕೂಡಲೇ ಆ ತಟ್ಟೆಯನ್ನು ಬೋರಲು ಹಾಕಿದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮರುದಿನವೇ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ರಾಜಕುಮಾರ್ ವಿಷಯ ಮೊದಲೇ ಯಾರೋ ಹೇಳಿದ್ದರು. ವರದಮ್ಮನವರ ಜೊತೆ ಕೂತು ಮಾತಾಡಿ, ಹುಡುಗನನ್ನು ನೋಡಿ, ಅವನು ತನ್ನ ಅಂಗಡಿಯ ಕೆಲಸದವನ ಜೊತೆ ಹೇಗೆ ಮಾತಾಡುತ್ತಾನೆ ಎಂಬುದನ್ನೂ ನೋಡಿ ಬಂದೆ.

ನಿನ್ನ ಮುಂದೆ ವಿಷಯ ಇಟ್ಟಾಗ ನೀನು "ನೀವು ಹೇಳಿದಂಗೆ" ಎಂದು ಒಳಗೆ ಹೋದೆ. ಒಲ್ಲೆ ಎನ್ನುತ್ತೀ ಎಂದು ನನ್ನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಕಾದದ್ದಕ್ಕೆ ನಾಚಿಕೆಯೂ ಆಯಿತು. ನೀನು ಒಪ್ಪಿದ್ದರಿಂದ ನಿನಗೂ ಇಲ್ಲಿಂದ ಹೋಗುವ ಮನಸ್ಸಿದೆ, ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ ಎಂದುಕೊಂಡೆ. ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದವಳು ಮನೆಯೊಳಗೆ ಹೋಗಲಾರದೆ ಖಾನಾವಳಿಯ ಬೆಂಚಿನ ಮೇಲೆ ಕೂತೆ. ಬೆನ್ನು ನೋಡಿ ಗಿರಾಕಿ ಎಂದುಕೊಂಡು ಹನುಮಮ್ಮ ನೀರು ತಂದಿಟ್ಟಳು.

ಕರಗುತ್ತೀ ಎಂದು ಕೊಟ್ಟದ್ದಲ್ಲ. ನನ್ನ ಹತ್ತಿರ ಇದ್ದರೆ ನೀನು ನನ್ನ ಹಾಗೇ ಆಗುತ್ತೀ ಎಂದು ಹೆದರಿದೆ.

ಬೆಚ್ಚಗಿರು. ಹೊತ್ತಿಗೆ ಸರಿಯಾಗಿ ಉಣ್ಣು. ಒಂದು ಡಬ್ಬಿ ಶೇಂಗಾ ಉಂಡೆ ಕಳಿಸಿದ್ದೇನೆ, ಪಪ್ಪಾಯಿ ಮಾತ್ರ ತಿನ್ನಬೇಡ.

ನೀಲಾಂಬಿಕ


ಸೊರಬ
11 ಡಿಸೆಂಬರ್ 2024

ಅವ್ವಾ,

ಅವರು ಕರೆಯುತ್ತಿದ್ದ ಹಾಗೇ ಕರೆಯುತ್ತೇನೆ. ಬೇಡವೆಂದರೆ ಬರೆಯಿರಿ, ಬಿಡುತ್ತೇನೆ.

ನಿಮ್ಮ ಕಾಗದವನ್ನು ಸೆಂಟರಿನಲ್ಲಿ ಓದಲಾಗಲಿಲ್ಲ. ದಂಡಾವತಿ ಹೊಳೆಯ ಸೇತುವೆ ಹತ್ತಿರ ಹೋಗಿ ನಿಂತು ಓದಿದೆ. ಅವತ್ತು "ನೀವು ಹೇಳಿದಂಗೆ" ಎಂದು ಒಳಗೆ ಹೋಗಿ, ಬಾಗಿಲ ಹಿಂದೆಯೇ ನಿಂತಿದ್ದೆ. ನೀವು ಬಂದು "ಬ್ಯಾಡ ಬಿಡು, ಇಲ್ಲೇ ಇರು" ಅನ್ನುತ್ತೀರಿ ಎಂದು. ನೀವು ಅಲ್ಲಿ, ನಾನು ಇಲ್ಲಿ, ನಡುವೆ ಒಂದು ಹಲಗೆ.

ಇರು ಎಂದಿದ್ದರೆ ಇರುತ್ತಿದ್ದೆ. ಇದ್ದಿದ್ದರೆ ಏನಾಗುತ್ತಿತ್ತು ಎಂಬುದೂ ಈಗ ಗೊತ್ತಾಗುತ್ತದೆ. ಇಲ್ಲಿಗೆ ಬಂದ ಮೇಲೆ ನಾನು ಮತ್ತೆ ಕನ್ನಡಿ ನೋಡುತ್ತೇನೆ. ಇದನ್ನು ನಿಮಗೆ ಹೇಳಿದರೆ ಅವರಿಗೆ ಮೋಸ ಮಾಡಿದಂತೆ ಎಂದುಕೊಂಡು ಹೇಳಿರಲಿಲ್ಲ. ಇವರ ಜೊತೆ ನಕ್ಕ ದಿನ ಅವರ ನೆನಪಾಗುತ್ತದೆ. ಅವರನ್ನು ನೆನೆದು ಅತ್ತ ದಿನ ಇವರ ಮುಖ ನೋಡಲು ಕಷ್ಟವಾಗುತ್ತದೆ. ಎರಡೂ ನಿಜ.

ಇನ್ನೊಂದು ವಿಷಯ. ನನಗೆ ನಾಲ್ಕು ತಿಂಗಳು. ನಿಮಗೆ ಹೇಗೆ ಹೇಳುವುದೆಂದು ತಿಳಿಯದೆ ದಿನ ದೂಡಿದೆ. ಆದರೆ ಪಪ್ಪಾಯಿ ತಿನ್ನಬೇಡ ಎಂದು ಬರೆದಿದ್ದೀರಿ. ಯಾರು ಹೇಳಿದರು?

ಆಟ ಬಿಡುವುದು ಬೇಡ. ಈ ಸಲ ಮಾರುವ ಹಕ್ಕು. ಇದು ತಿರುಗುಮುರುಗು, ಬೆಲೆ ಇಪ್ಪತ್ತೆಂಟಕ್ಕಿಂತ ಕೆಳಗೆ ಬಿದ್ದರೆ ಬಿದ್ದಷ್ಟು ಬೀಜ ನಿಮಗೆ. ಮನೆಯಲ್ಲಿ ಸರಕು ಇಟ್ಟುಕೊಂಡವರು ಬೆಲೆ ಬೀಳುವ ಭಯಕ್ಕೆ ಕೊಳ್ಳುವುದು ಇದನ್ನು. ನನ್ನ ಬೆಲೆ ಎರಡು ಬೀಜ.

ಧನ್ಯಾ


ಶಿಕಾರಿಪುರ
2 ಜನವರಿ 2025

ಧನ್ಯವ್ವಾ,

ಹಾಗೇ ಕರೆ.

ದೀಪಾವಳಿ ಕಳೆದ ಮೇಲೆ ನಿನ್ನ ಅಣ್ಣ ಹರೀಶ ಟ್ರ್ಯಾಕ್ಟರ್ ಬಿಡಿಭಾಗಕ್ಕೆಂದು ಊರಿಗೆ ಬಂದಿದ್ದ. ಖಾನಾವಳಿಗೆ ಬಂದು ಉಂಡು, ಕೈ ತೊಳೆಯುವಾಗ ಹೇಳಿದ. ಹೇಳಬಾರದಿತ್ತೇನೋ ಎಂದು ನಾಲಿಗೆ ಕಚ್ಚಿಕೊಂಡ. ನೀನಾಗಿಯೇ ಹೇಳಲಿ ಎಂದು ನಾನು ಸುಮ್ಮನಿದ್ದೆ. ಪಪ್ಪಾಯಿ ಮಾತ್ರ ತಡೆಯಲಾಗಲಿಲ್ಲ.

ಕೇಳಿದ ದಿನ ನನಗೆ ಸಂತೋಷವಾಯಿತು. ಬರೀ ಸಂತೋಷವೇ ಆಯಿತು ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಎರಡು ಬೀಜಕ್ಕೆ ಒಪ್ಪಿದೆ, ಚೌಕಾಸಿ ಮಾಡಬೇಕೆಂದಿದ್ದೆ, ಮರೆತೆ. ಮೊದಲ ಎಲೆ ಏಳು. ಈ ಸಲ ನೀನು ಎಷ್ಟು ಕೊಡುತ್ತೇನೆಂದರೂ ಕೊಡುವುದಿಲ್ಲ, ಕೊನೆಯವರೆಗೆ ನಾನೇ ಇಟ್ಟುಕೊಳ್ಳುತ್ತೇನೆ.

ಬಾಣಂತನಕ್ಕೆ ಏನು ಏರ್ಪಾಡು? ನಿನ್ನ ತಾಯಿ ಇದ್ದಿದ್ದರೆ ಹೊಸಬಾಳೆಯಲ್ಲೇ ಆಗುತ್ತಿತ್ತು. ವರದಮ್ಮನವರಿಗೆ ಮಂಡಿ ನೋವು ಎಂದು ಕೇಳಿದ್ದೆ. ಸುಮ್ಮನೆ ಕೇಳಿದೆ.

ನೀಲಾಂಬಿಕ


ಸೊರಬ
3 ಮಾರ್ಚ್ 2025

ಅವ್ವಾ,

ಉಳಿದ ಎರಡು ಎಲೆ ಒಂಬತ್ತು, ನಾಲ್ಕು ಎಂದು ಅಂಚೆ ಕಾರ್ಡಿನಲ್ಲಿ ಬರೆದಿದ್ದಿರಿ. ನಿಮ್ಮ ಕೈಯಲ್ಲಿ ಮೂರು. ನನ್ನದು ಹತ್ತು. ಒಟ್ಟು ಮೂವತ್ತಮೂರು, ಇಪ್ಪತ್ತೆಂಟಕ್ಕಿಂತ ಕೆಳಗೆ ಬೀಳಲಿಲ್ಲ. ನಿಮ್ಮ ಎರಡು ಬೀಜ ಹೋದವು. ಇಷ್ಟು ದಿನ ಹಿಡಿದಿಟ್ಟುಕೊಂಡು ಸೋತದ್ದಕ್ಕೆ ಬೇಸರವೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಇಲ್ಲಿ ಒಂದು ಸಂಗತಿ ನಡೆಯಿತು.

ಹೋದ ಭಾನುವಾರ ಮಂಚದ ಮೇಲೆ ಎಲೆ ಹರವಿಕೊಂಡು ಕೂತಿದ್ದಾಗ ಅತ್ತೆ ಬಂದರು.

"ಎಂತದೇ ಅದು, ಇಸ್ಪೀಟಾ? ಯಾರ್ ಹತ್ರ ಆಡ್ತೆ?"

"ಶಿಕಾರಿಪುರದ ಅವ್ವನ ಹತ್ರ" ಅಂದೆ. ಇನ್ನು ಮುಚ್ಚಿಡಲು ಆಗಲಿಲ್ಲ.

"ಕಾಗದದಲ್ಲೇ ಆಡೂದನಾ" ಎಂದು ಪಕ್ಕ ಕೂತರು. "ಕಾಗದ ಬರೂದು ನಂಗೆ ಗೊತ್ತಿಲ್ಲ ಮಾಡಿದ್ಯಾ? ಸೆಂಟರ್ ಬಾಗ್ಲು ಹಾಕಿದ್ ದಿನ ಅಂಚೆ ಗುತ್ಯಪ್ಪ ನನ್ ಕೈಲೇ ಕೊಟ್ ಹೋಗ್ತಾನೆ. ನಾನೇ ನಿನ್ ಬ್ಯಾಗಿಗೆ ಹಾಕಿಡ್ತಿದ್ದೆ. ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ."

ಆಮೇಲೆ ತಮ್ಮ ಮಂಡಿ ನೀವಿಕೊಳ್ಳುತ್ತಾ ಹೇಳಿದರು. "ಚೊಚ್ಚಲ ಹೆರಿಗೆ. ತವರಲ್ಲೇ ಆಗ್ಬೇಕು. ಹೊಸಬಾಳೆಲಿ ನಿನ್ನಪ್ಪ, ಅಣ್ಣ, ಇಬ್ರೇ ಗಂಡಸ್ರು, ಅವ್ರಿಗೆ ಎಂತ ಗೊತ್ತಾಗ್ತದೆ? ನಮ್ಮನೆಗೆ ಬಂದು ಹೆಣ್ಣು ಕೊಡ್ತೇನೆ ಅಂದವ್ರು ಯಾರು? ಮದ್ವೆ ದಿನ ನಿನ್ ಕೈ ಹಿಡಿದು ಕೊಟ್ಟವ್ರು ಯಾರು? ಹಂಗಾದ್ರೆ ನಿನ್ ತವರು ಯಾವ್ದು, ನೀನೇ ಹೇಳು."

ನಾನು ಹರವಿದ ಎಲೆಗಳನ್ನು ಕೂಡಿಸಿದೆ. ಅವರೇ ಎದ್ದು ಇವರನ್ನು ಕರೆದು ಹೇಳಿದರು. ಸಂಜೆ ಇವರು ನನ್ನೊಬ್ಬಳನ್ನೇ ಕೇಳಿದರು, "ಆ ಹಳೇ ಕೋಣೆಲೇ ಮಲಗ್ತೀಯಾ ಅಲ್ಲಿ?" ನಾನು ದೀಪ ಹಚ್ಚಲು ಎದ್ದೆ. ಹಿಂದೆಯೇ ಬಂದ ಇವರು "ಭಾನುವಾರ ಭಾನುವಾರ ನಾನು ಬಂದ್ರೆ ಅವ್ರಿಗೆ ಬೇಜಾರಾಗಲ್ಲ ತಾನೇ?" ಅಂದರು.

ಇದೇ ತಿಂಗಳು ಸೀಮಂತದ ಕುಬಸ ಮಾಡುತ್ತಾರೆ. ಅದಾದ ಮೇಲೆ ನಾನು ಬರಬಹುದು. ಬರಲೇ? ಮನಸ್ಸಿಲ್ಲದಿದ್ದರೆ ಇಲ್ಲವೆಂದು ಬರೆಯಿರಿ. ಈ ಸಲ ಬಾಗಿಲ ಹಿಂದೆ ನಿಲ್ಲುವುದು ಬೇಡವೆಂದು ನೇರವಾಗಿ ಕೇಳಿದ್ದೇನೆ.

ಧನ್ಯಾ


ಶಿಕಾರಿಪುರ
8 ಮಾರ್ಚ್ 2025

ಧನ್ಯವ್ವಾ,

ಬಾ.

ಕುಬಸಕ್ಕೆ ನಾನು ಬರುವುದಿಲ್ಲ. ಆ ದಿನ ನಿನ್ನ ಪಕ್ಕ ನಾನು ಕೂತರೆ ನೋಡಿದವರು ಏನಾದರೂ ಅನ್ನುತ್ತಾರೆ, ನಿನ್ನ ಕಣ್ಣು ಒದ್ದೆಯಾಗುತ್ತದೆ. ಹಸಿರು ಸೀರೆ ಹರೀಶನ ಕೈಯಲ್ಲಿ ಕಳಿಸುತ್ತೇನೆ. ಉಟ್ಟುಕೋ.

ರಾಜಕುಮಾರ್‌ಗೆ ಹೇಳು, ಆ ಕೋಣೆಯಲ್ಲಿ ನಿನ್ನನ್ನು ಮಲಗಿಸುವುದಿಲ್ಲ. ಈಗ ಅದರಲ್ಲಿ ಅಕ್ಕಿ ಮೂಟೆ ಇಟ್ಟಿದ್ದೇನೆ. ಬೀದಿ ಕಡೆಯ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ, ಗಾಳಿ ಬೆಳಕು ಚೆನ್ನಾಗಿದೆ. ಅವರು ಭಾನುವಾರವಷ್ಟೇ ಅಲ್ಲ, ಯಾವಾಗ ಬೇಕಾದರೂ ಬರಲಿ. ಖಾನಾವಳಿಯಲ್ಲಿ ಕೂತು ಉಣ್ಣುವುದು ಬೇಡ, ಒಳಗೆ ಬರಲಿ. ವರದಮ್ಮನವರಿಗೆ ನನ್ನ ಶರಣು ಹೇಳು. ಇನ್ನೂ ಏನೇನೋ ಹೇಳಬೇಕು ಅವರಿಗೆ, ಎದುರಿಗೇ ಹೇಳುತ್ತೇನೆ.

ಬೀಜ ಹೋದದ್ದಕ್ಕೆ ಬೇಸರವಿಲ್ಲ. ಇಟ್ಟುಕೊಂಡಷ್ಟು ದಿನ ಅಂಚೆಯವನ ಸೈಕಲ್ ಸದ್ದಿಗೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಎರಡು ಬೀಜಕ್ಕೆ ಅದು ಕಡಿಮೆಯೇನಲ್ಲ.

ಹನುಮಮ್ಮನಿಗೆ "ಮಗಳು ಬಾಣಂತನಕ್ಕೆ ಬರ್ತಾಳ" ಎಂದೆ. ಅವಳು ಯಾವ ಮಗಳು ಎಂದು ಕೇಳಲಿಲ್ಲ. ಹಳೆಯ ಹತ್ತಿ ಸೀರೆಗಳನ್ನು ತೆಗೆಸಿ ಒಗೆಯಲು ಕೂತಿದ್ದಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗು ಹುಟ್ಟಿ, ನನ್ನ ಕೈಗೆ ಕೊಟ್ಟಾಗ, ನಾನು ಅದರ ಮುಖದಲ್ಲಿ ಅವನನ್ನು ಹುಡುಕುತ್ತೇನೆ. ಇರುವುದಿಲ್ಲ ಎಂದು ನನಗೆ ಗೊತ್ತು. ಇರಬಾರದು ಎಂದೂ ಗೊತ್ತು. ಆದರೂ ಕಣ್ಣು ಹುಡುಕುತ್ತದೆ. ಆಗ ನಾನು ಒಂದು ಸಲ ಅಳುತ್ತೇನೆ. ನೀನು ಗಾಬರಿಯಾಗಬೇಡ, ಮಗುವನ್ನು ನನ್ನ ಕೈಯಿಂದ ತೆಗೆದುಕೊಳ್ಳಲೂ ಬೇಡ. ಅತ್ತು ಮುಗಿದ ಮೇಲೆ ಅದು ಯಾರ ಹಾಗಿದೆಯೋ ಅವರ ಹಾಗೇ ಅದನ್ನು ನೋಡುತ್ತೇನೆ.

ನಿನ್ನ ಅವ್ವ,
ನೀಲಾಂಬಿಕ